ನಿಮ್ಮ ಮೆಚ್ಚಿನ ಫ್ರೇಮ್‌ವರ್ಕ್ ಬಗ್ಗೆ ನಾಲ್ಕು ಜನಕ್ಕೆ ಹೇಳುವವರು ಯಾರು?

ಒಂದು ಪದವಿ ಕಾಲೇಜಿನ ಲ್ಯಾಬಿನಲ್ಲಿ ಶನಿವಾರ ವೆಬ್ ಕಾರ್ಯಾಗಾರ ಇಟ್ಟುಕೊಂಡಿದ್ದೆವು. ಹತ್ತು ಗಂಟೆಗೆ ಶುರು. ಹನ್ನೊಂದೂವರೆಯಾದರೂ ಅರ್ಧ ಮಕ್ಕಳ ಪರದೆಯ ಮೇಲೆ ಪೈಥಾನ್ ಸಿಗುತ್ತಿಲ್ಲ ಎನ್ನುವ ಸಂದೇಶವೇ ಕುಳಿತಿತ್ತು. ಹಿರಿಯ ಎಂಜಿನಿಯರೊಬ್ಬರು ಮುಂದೆ ನಿಂತು ಜ್ಯಾಂಗೋ ಎಂಬ ವೆಬ್ ಫ್ರೇಮ್‌ವರ್ಕಿನ ಒಳರಚನೆಯನ್ನು ಬೋರ್ಡಿನ ಮೇಲೆ ಬಿಡಿಸುತ್ತಿದ್ದರು. ಆಗ ಹಿಂದಿನ ಬೆಂಚಿನಿಂದ ಬಿಸಿಎ ಎರಡನೇ ವರ್ಷದ ಹುಡುಗಿಯೊಬ್ಬಳು ಎದ್ದು ಬಂದಳು. "ಇನ್‌ಸ್ಟಾಲ್ ಮಾಡುವಾಗ ಕೆಳಗಡೆ ಒಂದು ಚಿಕ್ಕ ಚೌಕ ಬರುತ್ತೆ, ಪಾತ್ ಅಂತ ಇರುತ್ತಲ್ಲ, ಅದಕ್ಕೆ ಟಿಕ್ ಹಾಕಿ. ಹೋದ ತಿಂಗಳು ನಾನೂ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ" ಎಂದಳು. ಅರ್ಧ ಗಂಟೆಯಲ್ಲಿ ಎಲ್ಲರ ಬ್ರೌಸರಿನಲ್ಲೂ ಜ್ಯಾಂಗೋದ ರಾಕೆಟ್ ಚಿತ್ರ ಹಾರತೊಡಗಿತು.

ಹೆಚ್ಚು ಜನಕ್ಕೆ ಗೊತ್ತಿಲ್ಲದ ವೆಬ್ ಫ್ರೇಮ್‌ವರ್ಕನ್ನು ಪ್ರಚಾರ ಮಾಡಬೇಕಾದವರು ಯಾರು ಎಂದು ಕೇಳಿದರೆ ನನಗೆ ಆ ಹುಡುಗಿಯೇ ನೆನಪಾಗುತ್ತಾಳೆ. ಮೊದಲ ಸರದಿ ಈಚೆಗೆ ಕಲಿತವರದು. ಅದರ ಬೆನ್ನಿಗೇ ಅದರಿಂದ ಅನ್ನ ದುಡಿಯುವವರದು. ಕಟ್ಟಿದವರ ಕೆಲಸ ಬೇರೆಯೇ ಇದೆ.

ಮೊದಲು: ಲಾಭ ಯಾರಿಗೆಂದು ಬರೆದುಕೊಳ್ಳಿ

ಕಣ್ಣೆದುರಿನ ಉದಾಹರಣೆ ತೆಗೆದುಕೊಳ್ಳೋಣ. ಮುಂಬೈನಲ್ಲಿ ಹುಟ್ಟಿದ ಫ್ರಾಪೆ, ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಕಟ್ಟಿದ ಓಪನ್ ಸೋರ್ಸ್ ಫ್ರೇಮ್‌ವರ್ಕ್. ಲೆಕ್ಕಪತ್ರ, ದಾಸ್ತಾನು ಎಲ್ಲ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ನಿಂತಿರುವುದು ಇದರ ಮೇಲೆಯೇ. ಒಂದು 'ಡಾಕ್‌ಟೈಪ್' ಬರೆದರೆ ಡೇಟಾಬೇಸಿನ ಟೇಬಲ್ಲು, ಫಾರ್ಮು, ಪಟ್ಟಿ ಮೂರೂ ಸಿದ್ಧವಾಗುತ್ತವೆ. ಇಷ್ಟಿದ್ದರೂ ಕೆಲಸ ಹುಡುಕುವ ಹುಡುಗರಲ್ಲಿ ಅನೇಕರು ಇದರ ಹೆಸರೇ ಕೇಳಿಲ್ಲ.

ಇದು ಬೆಳೆದರೆ ಲಾಭ ಯಾರಿಗೆ? ಕಟ್ಟಿದ ಕಂಪನಿಗೆ ಸರಿಯೇ. ಇದನ್ನು ಗ್ರಾಹಕರಿಗೆ ಅಳವಡಿಸಿಕೊಟ್ಟು ಬದುಕುವ ಸಣ್ಣ ಸಂಸ್ಥೆಗಳಿಗೆ, ಅಲ್ಲಿನ ನೌಕರರಿಗೆ, ಇದನ್ನು ನಂಬಿ ವ್ಯವಹಾರ ನಡೆಸುವ ಕಾರ್ಖಾನೆಗೆ ಅದಕ್ಕಿಂತ ಹೆಚ್ಚು. ಕಾರ್ಖಾನೆಯ ಮಾಲೀಕರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಈ ಹುಡುಗ ನಾಳೆ ಕೆಲಸ ಬಿಟ್ಟರೆ ನೋಡಿಕೊಳ್ಳೋರು ಯಾರು?" ಈ ಪ್ರಶ್ನೆಗೆ ಜಾಹೀರಾತಿನಲ್ಲಿ ಉತ್ತರವಿಲ್ಲ. ಊರಿನಲ್ಲಿ ಇನ್ನೂ ಹತ್ತು ಜನಕ್ಕೆ ಆ ಕೆಲಸ ಬರಬೇಕು, ಅಷ್ಟೇ.

ಕಟ್ಟಿದವರ ಪಾಲು

ಬಾಗಿಲು ಸಲೀಸಾಗಿ ತೆರೆಯುವಂತೆ ನೋಡಿಕೊಳ್ಳುವುದು ಅವರ ಪಾಲು. ಒಂದೇ ಬೈಠಕ್ಕಿನಲ್ಲಿ ಇನ್‌ಸ್ಟಾಲ್ ಆಗಬೇಕು, ಕೈಪಿಡಿ ಹಳತಾಗಿರಬಾರದು, ಕಣ್ಣಿಗೆ ಕಾಣುವ ಒಂದು ಪ್ರಾತ್ಯಕ್ಷಿಕೆ ಇರಬೇಕು. ರೂಬಿ ಆನ್ ರೇಲ್ಸ್ ಇದನ್ನು ಚೆನ್ನಾಗಿ ಮಾಡಿತು. ಡೇವಿಡ್ ಹೈನಮೈಯರ್ ಹ್ಯಾನ್ಸನ್ ತಾವು ಬೇಸ್‌ಕ್ಯಾಂಪ್ ಎಂಬ ತಂತ್ರಾಂಶಕ್ಕಾಗಿ ಬರೆದ ಕೋಡಿನಿಂದಲೇ ರೇಲ್ಸನ್ನು ಬೇರ್ಪಡಿಸಿ 2004ರಲ್ಲಿ ಬಿಡುಗಡೆ ಮಾಡಿದರು. ಮರುವರ್ಷ ಹದಿನೈದು ನಿಮಿಷದಲ್ಲಿ ಬ್ಲಾಗೊಂದನ್ನು ಕಟ್ಟಿ ತೋರಿಸಿದ ಅವರ ವಿಡಿಯೊ ನೋಡಿಯೇ ಎಷ್ಟೋ ಜನ ರೇಲ್ಸ್ ಕಲಿಯಲು ಕೂತರು.

ಹೆಸರು, ಲಾಂಛನ ಬಳಸಲು ಯಾರಿಗೆ ಅನುಮತಿ ಎಂಬುದನ್ನೂ ಕಟ್ಟಿದವರು ಮೊದಲೇ ಸ್ಪಷ್ಟಪಡಿಸಬೇಕು. ಅಮೆರಿಕದ ಕಾನ್ಸಾಸ್ ರಾಜ್ಯದ 'ಲಾರೆನ್ಸ್ ಜರ್ನಲ್-ವರ್ಲ್ಡ್' ಪತ್ರಿಕೆಯ ಕಚೇರಿಯಲ್ಲಿ ಹುಟ್ಟಿದ ಜ್ಯಾಂಗೋಗೆ 2008ರಲ್ಲಿ ಲಾಭರಹಿತ ಪ್ರತಿಷ್ಠಾನ ಬಂತು. ಟ್ರೇಡ್‌ಮಾರ್ಕ್ ಈಗ ಅದರ ಕೈಯಲ್ಲಿದೆ.

ದುಡಿಯುವವರು ಬಾಯಿಬಿಡಬೇಕು

ನನಗೆ ಬೇಸರವಿರುವುದು ಇಲ್ಲಿ. ಉಚಿತ ಕೋಡಿನ ಮೇಲೆ ವರ್ಷಗಟ್ಟಲೆ ಗಳಿಸಿ, ಏನು ಬಳಸುತ್ತೇವೆಂದು ಎಲ್ಲೂ ಹೇಳದ ಸಂಸ್ಥೆಗಳು ಬೇಕಾದಷ್ಟಿವೆ. ನಿಮ್ಮ ಸಂಸ್ಥೆ ಹಾಗಿದ್ದರೆ ಈ ತಿಂಗಳೇ ಒಂದು ಅನುಭವ ಲೇಖನ ಪ್ರಕಟಿಸಿ. ಮೊದಲು ಯಾವ ತೊಂದರೆಯಿತ್ತು, ಎಷ್ಟು ಜನ ಎಷ್ಟು ವಾರ ಕೂತು ಕಟ್ಟಿದಿರಿ, ಎಲ್ಲಿ ಎಡವಿದಿರಿ, ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಬರೆಯಿರಿ. ಎಡವಿದ್ದನ್ನು ಮುಚ್ಚಿಡಬೇಡಿ, ಓದುವವರು ನಂಬುವುದು ಆ ಭಾಗವನ್ನೇ. ನಾಲ್ಕು ಪುಟದ ಶಾಲಾ ವೆಬ್‌ಸೈಟಿಗೆ ವರ್ಡ್‌ಪ್ರೆಸ್ ಸಾಕೆಂದಾದರೆ ಅದನ್ನೂ ಹೇಳಿ. ನೌಕರರಲ್ಲಿ ಒಬ್ಬರಿಗೆ ವಾರಕ್ಕೆ ಎರಡು ಗಂಟೆ ಹೀಗೆ ಬರೆಯುವ ಕೆಲಸಕ್ಕೆಂದೇ ಬಿಟ್ಟುಕೊಡಿ, ಸಂಬಳ ಸಿಗುವ ಕೆಲಸದ ಅವಧಿಯಲ್ಲೇ.

ಹೊಸಬರ ಕೈಗೆ ಮೈಕ್ ಕೊಡಿ

2014ರ ಜುಲೈನಲ್ಲಿ ಬರ್ಲಿನ್ನಿನ ಯೂರೋಪೈಥಾನ್ ಸಮ್ಮೇಳನದ ಸಮಯದಲ್ಲಿ ಪೋಲೆಂಡಿನ ಇಬ್ಬರು ಪ್ರೋಗ್ರಾಮರ್‌ಗಳು, ಓಲಾ ಸಿತಾರ್ಸ್ಕಾ ಮತ್ತು ಓಲಾ ಸೆಂಡೆಕ್ಕಾ, 'ಜ್ಯಾಂಗೋ ಗರ್ಲ್ಸ್' ಕಾರ್ಯಾಗಾರ ಶುರು ಮಾಡಿದರು. ಕೋಡಿಂಗ್ ಗಂಧವಿಲ್ಲದ ಹೆಣ್ಣುಮಕ್ಕಳು ಒಂದು ದಿನ ಕೂತು ತಮ್ಮದೇ ಬ್ಲಾಗ್ ಕಟ್ಟುತ್ತಾರೆ. ಪಾಠ ಎಲ್ಲರಿಗೂ ಉಚಿತ, ಹಲವು ಭಾಷೆಗಳಿಗೆ ಅನುವಾದವೂ ಆಗಿದೆ. ಕಲಿಸುವವರು ಸ್ವಯಂಸೇವಕರು.

ಆ ಮಾದರಿಯನ್ನೇ ನಿಮ್ಮ ಊರಿಗೆ ತನ್ನಿ. ಮೂವರಿಗೆ ಒಬ್ಬರು ಮಾರ್ಗದರ್ಶಕರು ಸಾಕು. ಹದಿನೈದು ಜನರಿದ್ದರೆ ಐವರು. ಅವರಲ್ಲಿ ಇಬ್ಬರಾದರೂ ಆರು ತಿಂಗಳೊಳಗೆ ಕಲಿತವರಿರಲಿ. ಇನ್‌ಸ್ಟಾಲ್ ಕೆಲಸ ಹಿಂದಿನ ಸಂಜೆಯೇ ಮುಗಿಯಲಿ, ನಾವು ತಪ್ಪಿದ್ದು ಅಲ್ಲೇ. ಕಮಾಂಡುಗಳು ಇರುವಂತೆಯೇ ಇರಲಿ, ವಿವರಣೆ ಕನ್ನಡದಲ್ಲಿರಲಿ. 'ಸರ್ವರ್ ಎಂದರೆ ಕೇಳಿದ್ದನ್ನು ತಂದುಕೊಡುವ ಹೋಟೆಲ್ ಮಾಣಿ ಇದ್ದ ಹಾಗೆ' ಎಂದು ಒಬ್ಬ ಹುಡುಗ ಪಕ್ಕದವನಿಗೆ ಹೇಳಿಕೊಟ್ಟಾಗ ಅರ್ಥವಾಗುವಷ್ಟು ನಮ್ಮ ಸ್ಲೈಡುಗಳಿಂದ ಆಗುವುದಿಲ್ಲ.

ಬೆಂಗಳೂರಿನಲ್ಲಿ ಇಂಥ ಕೂಟಗಳಿಗೆ ಬರವಿಲ್ಲ. ಮೊದಲ ಪೈಕಾನ್ ಇಂಡಿಯಾ ನಡೆದದ್ದೂ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ, 2009ರಲ್ಲಿ. ಹಾಸನ, ಶಿರಸಿ, ರಾಯಚೂರಿನ ಕಾಲೇಜುಗಳ ಮಾತು ಬೇರೆ. ಅಲ್ಲಿ ನಡೆಯುವ ಒಂದು ಕಾರ್ಯಾಗಾರ ನಗರದ ಹತ್ತು ಕೂಟಗಳಿಗೆ ಸಮ. ಹಣ ಪಡೆದು ಹೊಗಳುವ, ತಾವೇ ಒಮ್ಮೆಯೂ ಆ ಫ್ರೇಮ್‌ವರ್ಕ್ ಓಡಿಸಿ ನೋಡದ ವಿಡಿಯೊ ಮಂದಿಯನ್ನು ಮಾತ್ರ ಕರೆಯಬೇಡಿ. ಮೊದಲ ದೋಷಸಂದೇಶ ಬಂದಾಗ ಉತ್ತರಿಸಲು ಅವರು ಅಲ್ಲಿರುವುದಿಲ್ಲ.

ಈ ತಿಂಗಳು ಹೊಸದೊಂದು ಫ್ರೇಮ್‌ವರ್ಕ್ ಕಲಿಯುತ್ತಿದ್ದೀರಾ? ಎಲ್ಲಿ ಸಿಕ್ಕಿಕೊಂಡಿರಿ, ಹೇಗೆ ಬಿಡಿಸಿಕೊಂಡಿರಿ ಎಂಬುದನ್ನು ಇವತ್ತೇ ಕನ್ನಡದಲ್ಲಿ ಅರ್ಧ ಪುಟ ಬರೆದಿಡಿ. ಮೂರು ತಿಂಗಳು ಕಳೆದರೆ ನಿಮಗೇ ಮರೆತುಹೋಗುತ್ತದೆ.