ದೂರದ ದಾರಿಯೇ ಬೇಗ ಮುಟ್ಟಿಸಿದ ಬಗೆ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುವುದೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದುದರಿಂದ, ಎರಡು ಊರುಗಳ ನಡುವೆ ಎರಡು ದಾರಿಗಳಿದ್ದು ವಾಹನದ ವೇಗ ಒಂದೇ ಆಗಿದ್ದರೆ, ಹತ್ತಿರದ ದಾರಿಯೇ ಬೇಗ ಮುಟ್ಟಿಸುವುದೆಂದು ನಾವು ನಂಬುತ್ತೇವೆ. ನೆಲದ ಮೇಲೆ ಈ ನಂಬಿಕೆ ಸರಿಯೇ. ಆಕಾಶದಲ್ಲಿ ಯಾವಾಗಲೂ ಹಾಗಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ನೋಡೋಣ.

ಏರ್ ಇಂಡಿಯಾ ವಿಮಾನವು ಮೊದಲು ದೆಹಲಿಯಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಪಶ್ಚಿಮಾಭಿಮುಖವಾಗಿ, ಅಟ್ಲಾಂಟಿಕ್ ಸಾಗರವನ್ನು ದಾಟಿ ಹೋಗುತ್ತಿದ್ದಿತು. ಆ ದಾರಿ ಸುಮಾರು 13,900 ಕಿ.ಮೀ.; ತಗಲುತ್ತಿದ್ದ ಕಾಲ ಸುಮಾರು 16½ ಗಂಟೆ. 2016ರ ಅಕ್ಟೋಬರಿನಲ್ಲಿ ವಿಮಾನವನ್ನು ಪೂರ್ವಾಭಿಮುಖವಾಗಿ, ಪೆಸಿಫಿಕ್ ಸಾಗರದ ಮೇಲೆ ಕಳುಹಿಸಲಾಯಿತು. ದಾರಿ ಸುಮಾರು 15,300 ಕಿ.ಮೀ.ಗೆ ಬೆಳೆಯಿತು, ಕಾಲವಾದರೋ ಸುಮಾರು 14½ ಗಂಟೆಗೆ ಇಳಿಯಿತು. ಭಾಗಾಕಾರ ಮಾಡಿ ನೋಡಿದರೆ, ಮೊದಲಿನ ದಾರಿಯಲ್ಲಿ ಸರಾಸರಿ ವೇಗ ಗಂಟೆಗೆ 842 ಕಿ.ಮೀ., ಎರಡನೆಯದರಲ್ಲಿ 1,055 ಕಿ.ಮೀ. ಈ ಹೆಚ್ಚಿನ ವೇಗ ಎಲ್ಲಿಂದ ಬಂದಿತು?

ಹೊಳೆಯಲ್ಲಿ ಹುಟ್ಟು ಹಾಕುವ ಅಂಬಿಗನನ್ನು ನೆನೆಯೋಣ. ನೀರಿನೊಡನೆ ಸಾಗಿದರೆ ದೋಣಿಯ ವೇಗಕ್ಕೆ ಹೊಳೆಯ ವೇಗ ಕೂಡುವುದು. ಎದುರಾಗಿ ಸಾಗಿದರೆ ಕಳೆಯುವುದು. ವಿಮಾನವೂ ಗಾಳಿಯೆಂಬ ಹೊಳೆಯಲ್ಲಿನ ದೋಣಿಯೇ. ಎಂಜಿನ್ನುಗಳು ಗಾಳಿಗೆ ಸಾಪೇಕ್ಷವಾದ ವೇಗವನ್ನು ಮಾತ್ರ ಕೊಡಬಲ್ಲವು. ನಮ್ಮನ್ನು ಊರು ಮುಟ್ಟಿಸುವುದು ನೆಲಕ್ಕೆ ಸಾಪೇಕ್ಷವಾದ ವೇಗ.

ಈ ಹೊಳೆ ಹರಿಯುವುದೇಕೆ? ಭೂಮಧ್ಯರೇಖೆಯ ಕಡೆಯ ವಾಯು ಬಿಸಿ, ಧ್ರುವದ ಕಡೆಯದು ತಂಪು. ಈ ಅಂತರದಿಂದ ಮೇಲಣ ವಾಯು ಧ್ರುವದತ್ತ ಸಾಗಲೆಳಸುವುದು; ಭೂಮಿಯ ಆವರ್ತನೆ ಅದನ್ನು ಪೂರ್ವದ ಕಡೆಗೆ ತಿರುಗಿಸುವುದು. ಹೀಗೆ ಮಧ್ಯ ಅಕ್ಷಾಂಶಗಳಲ್ಲಿ, ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ರಭಸದ ಗಾಳಿ ಬೀಸುತ್ತಿರುವುದು. ಇದೇ ಜೆಟ್ ಪ್ರವಾಹ. ದೂರ ಪ್ರಯಾಣದ ವಿಮಾನಗಳು ಹಾರುವುದೂ ಇದೇ ಎತ್ತರದಲ್ಲಿ. ಜಪಾನಿನ ಮೇಲೆ ಇದು ವಿಶೇಷವಾಗಿ ಪ್ರಬಲ. ಅಲ್ಲಿನ ಹವಾಮಾನ ವಿಜ್ಞಾನಿ ವಸಾಬುರೋ ಓಯಿಶಿ ಅವರು 1920ರ ದಶಕದಲ್ಲಿಯೇ ಬೆಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಪ್ರಪಂಚಕ್ಕೆಲ್ಲ ತಿಳಿಯಲೆಂದು ಅವರು ತಮ್ಮ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಆ ಭಾಷೆಯನ್ನು ಬಲ್ಲವರೇ ವಿರಳವಾದುದರಿಂದ ಅದು ಹೆಚ್ಚಿನವರ ಗಮನಕ್ಕೆ ಬರಲಿಲ್ಲ.

ಹೋಗುವಾಗಿನ ಲಾಭ ಬರುವಾಗಿನ ನಷ್ಟಕ್ಕೆ ಸರಿಹೋಗುವುದಲ್ಲವೆ ಎಂದು ವಾಚಕರು ಕೇಳಬಹುದು. ಲೆಕ್ಕ ಮಾಡಿಯೇ ನೋಡೋಣ. ಎರಡು ವಿಮಾನ ನಿಲ್ದಾಣಗಳ ಅಂತರ 4,000 ಕಿ.ಮೀ., ವಿಮಾನದ ವೇಗ ಗಂಟೆಗೆ 900 ಕಿ.ಮೀ., ಗಾಳಿಯ ವೇಗ 100 ಕಿ.ಮೀ. ಎಂದಿರಲಿ. ಗಾಳಿಯೊಡನೆ ಹೋಗಲು 4 ಗಂಟೆ, ಎದುರಾಗಿ ಮರಳಲು 5 ಗಂಟೆ. ಒಟ್ಟು 9 ಗಂಟೆ. ಗಾಳಿಯೇ ಇಲ್ಲದಿದ್ದರೆ 8 ಗಂಟೆ 53 ನಿಮಿಷ ಸಾಕು. ಗಾಳಿಯು ನೆರವಾಗುವುದು 4 ಗಂಟೆ ಮಾತ್ರ, ಅಡ್ಡಿಪಡಿಸುವುದು 5 ಗಂಟೆ. ನಷ್ಟ ಉಳಿಯುವುದು ಇದರಿಂದಲೇ.

ಇನ್ನು ವಿದ್ಯಾರ್ಥಿಗಳು ಗಾಳಿಯ ವೇಗವನ್ನು 200 ಕಿ.ಮೀ. ಎಂದಿಟ್ಟುಕೊಂಡು ಇದೇ ಲೆಕ್ಕವನ್ನು ತಾವೇ ಮಾಡಲಿ. ಗಾಳಿ ಇಮ್ಮಡಿಯಾದರೆ ನಷ್ಟ ಇಮ್ಮಡಿಗೆ ನಿಲ್ಲದೆ ನಾಲ್ಕು ಮಡಿಯನ್ನೂ ಮೀರುವುದು ಕಂಡುಬರುವುದು. ಏಕೆಂಬುದನ್ನು ಸೂತ್ರದಲ್ಲಿಯೇ ಹುಡುಕಬೇಕು.