ಒಂದೇ ಕಾಲಿನ ಚಪ್ಪಲಿ ಜಾರುತ್ತಿದೆಯೇ?

ಬೆಳಕವಾಡಿ ಸುತ್ತಮುತ್ತ ಯಾರಿಗಾದರೂ ಒಂದೇ ಕಾಲಿನ ಹವಾಯಿ ಚಪ್ಪಲಿ ಜಾರಿ ಬೀಳುತ್ತಿದ್ದರೆ, ಬದುವಿನ ಮೇಲೆ ಹೆಬ್ಬೆರಳು ಎಡವುತ್ತಿದ್ದರೆ, ವಾಯು ಹಿಡಿದಿದೆ ಎಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ. ಪಾದವನ್ನು ಮೇಲೆತ್ತುವ ನರಕ್ಕೆ ಪೆಟ್ಟಾಗಿರಬಹುದು. ಹೀಗೆ ಪಾದ ಮೇಲೇಳದಿರುವುದನ್ನೇ ವೈದ್ಯರು ಫುಟ್ ಡ್ರಾಪ್ ಎನ್ನುವುದು.

ಮೊದಲು ಗೋಡೆ ಹಿಡಿದು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ಹಾಕಿ. ಒಂದು ಪಾದದ ಮುಂಭಾಗ ಏಳದಿದ್ದರೆ ಅನುಮಾನ ಸರಿ.

ಮುಂದಿನದು, ನರ ಎಲ್ಲಿ ಸಿಕ್ಕಿಕೊಂಡಿದೆ ಎಂಬ ಪ್ರಶ್ನೆ. ಮಂಡಿಯ ಹೊರಬದಿಗೆ, ಸ್ವಲ್ಪ ಕೆಳಗೆ, ಮೂಳೆಯ ಗಂಟೊಂದು ಕೈಗೆ ಸಿಗುತ್ತದೆ. ಅದನ್ನು ಬಳಸಿಕೊಂಡು ಹೋಗುವ ನರಕ್ಕೆ ಮೇಲೆ ಚರ್ಮವಷ್ಟೇ ರಕ್ಷಣೆ. ರಾಗಿ ಹೊಲದಲ್ಲಿ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕಳೆ ಕಿತ್ತರೆ, ಕಾಲ ಮೇಲೆ ಕಾಲು ಹಾಕಿ ಕೂತರೆ, ಮುರಿದ ಕಾಲಿಗೆ ಕಟ್ಟು ಬಿಗಿಯಾದರೆ ಅದು ನಲುಗುತ್ತದೆ. ಇಂಥ ಒತ್ತಡ ಬೇಗ ತಪ್ಪಿದರೆ ಬಹುಪಾಲು ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಕೆ ಕಾಣುತ್ತದೆ. ಸೊಂಟದಿಂದ ಕಾಲಿಗೆ ನೋವು ಇಳಿಯುತ್ತಿದ್ದು, ಪಾದವನ್ನು ಒಳಕ್ಕೆ ತಿರುಗಿಸುವ ಶಕ್ತಿಯೂ ಕುಂದಿದ್ದರೆ ಬೆನ್ನುಮೂಳೆಯ ಡಿಸ್ಕ್ ಕಾರಣವಿರಬಹುದು. ಸಕ್ಕರೆ ಕಾಯಿಲೆಯೂ ನರ ಕೆಡಿಸುತ್ತದೆ. ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ನಾಚಿಕೆ ಬಿಟ್ಟು ತೋರಿಸಿ. ಅದು ಕುಷ್ಠವಿರಬಹುದು, ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ನರ ಸೋತು 6 ತಿಂಗಳು ಕಳೆಯುವ ಮೊದಲೇ ಚಿಕಿತ್ಸೆ ಸಿಕ್ಕರೆ ಶಕ್ತಿ ಮರಳುವ ಅವಕಾಶ ಹೆಚ್ಚು.

ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ, ಬಾಯಿ ಸೊಟ್ಟಗಾದರೆ ತಡಮಾಡದೆ 108ಕ್ಕೆ ಕರೆಮಾಡಿ. ಮಕ್ಕಳ ಕಾಲು ಇದ್ದಕ್ಕಿದ್ದಂತೆ ಸೋತರೂ ಅಂದೇ ಆಸ್ಪತ್ರೆಗೆ ಒಯ್ಯಿರಿ.

ಉಳಿದವರು ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಬಹುದು. ನರದ ಪರೀಕ್ಷೆ, ಎಂಆರ್‌ಐ ಬೇಕೆಂದರೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸುತ್ತಾರೆ.

ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಅಲ್ಲಿಯವರೆಗೆ ಪಾದವನ್ನು ನೇರ ಹಿಡಿಯುವ ಪ್ಲಾಸ್ಟಿಕ್ ಪಟ್ಟಿಯನ್ನು ಶೂ ಒಳಗೆ ಧರಿಸಬೇಕು. ಕಾಲು ಚಾಚಿ ಕೂತು, ಟವೆಲ್ಲನ್ನು ಅಂಗಾಲಿಗೆ ಸುತ್ತಿ ಪಾದವನ್ನು ಮೈಕಡೆಗೆ ಎಳೆದು ಹಿಡಿಯಿರಿ. ಇಲ್ಲದಿದ್ದರೆ ಮೀನಖಂಡ ಬಿಗಿದುಕೊಳ್ಳುತ್ತದೆ. ಮರಗಟ್ಟಿದ ಪಾದಕ್ಕೆ ಬಿಸಿನೀರು, ಬೆಂಕಿ ಶಾಖ ಬೇಡ. ಸುಟ್ಟರೂ ತಿಳಿಯದು. ರಾತ್ರಿ ಅಂಗಾಲು ನೋಡಿಕೊಳ್ಳಿ.

ವರ್ಷ ಕಳೆದರೂ ಪಾದ ಏಳದಿದ್ದರೆ, ಕಾಲಿನ ಬೇರೊಂದು ಸ್ನಾಯುವಿನ ನಾರನ್ನು ಪಾದದ ಮೇಲ್ಭಾಗಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆಯಿದೆ. ಆಮೇಲೆ ವಾರಗಟ್ಟಲೆ ಪ್ಲಾಸ್ಟರ್, ನಡಿಗೆಯ ಅಭ್ಯಾಸ ಎಲ್ಲ ಇರುವುದರಿಂದ, ವೈದ್ಯರು ಒಪ್ಪಿದರೆ ಸುಗ್ಗಿ ಮುಗಿಸಿಕೊಂಡೇ ದಿನ ಗೊತ್ತುಮಾಡಿ.