ಚೆಕ್ ಕೊಡುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ರೈತಬಾಂಧವರೇ, ಲಿಂಬೆ, ತೊಗರಿಯ ರೊಕ್ಕ ಬರುವ ತಿಂಗಳು ನೋಡಿ ಫೈನಾನ್ಸ್‌ನವರಿಗೆ ಮುಂದಿನ ತಾರೀಖಿನ ಚೆಕ್ ಕೊಡುತ್ತೀರಿ. ಕೊಡಿ, ಖಾಲಿ ಚೆಕ್ಕಿಗೆ ಸಹಿ ಮಾತ್ರ ಬೇಡ. ಚೆಕ್ ನಂಬರು ಬರೆದಿಟ್ಟುಕೊಳ್ಳಿ. ತಾರೀಖಿಗೆ ಮೊದಲೇ ಹಣ ಹೋದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ.

ನಡುವೆ ಕಂತು ಕಟ್ಟಿದ್ದರೂ ಪೂರ್ತಿ ಮೊತ್ತದ ಚೆಕ್ ಹಾಕಿ ಬೌನ್ಸ್ ಮಾಡಿಸಿದರೆ? ಕಟ್ಟಿದ್ದನ್ನು ಚೆಕ್ಕಿನ ಮೇಲೆ ನಮೂದಿಸದಿದ್ದರೆ ಚೆಕ್ ಬೌನ್ಸಿನ 138ನೇ ಕಲಮಿನ ಕೇಸು ನಿಲ್ಲದೆಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಅದಕ್ಕೇ ಪ್ರತಿ ಕಂತಿನ ರಸೀದಿಯೂ ಕೈಯಲ್ಲಿರಲಿ. ನೋಟಿಸು ಬಂದರೆ ಮಡಚಿ ಗೂಡಿನಲ್ಲಿಡಬೇಡಿ, ಹಣ ಕಟ್ಟಲು 15 ದಿನವಷ್ಟೇ ಅವಧಿ; ವಕೀಲರನ್ನು ಕಾಣಿರಿ. ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡುವುದು ರಿಸರ್ವ್ ಬ್ಯಾಂಕಿನ ನಿಯಮಕ್ಕೆ ವಿರುದ್ಧ. ಗ್ರಾಹಕ ಸಹಾಯವಾಣಿ 1915. ಅಂಜದೆ ಕರೆ ಮಾಡಿ.